ಬೇಸಿನ್ನಿನ ಬಗ್ಗೆ ಯಾರೂ ಕೇಳಲಿಲ್ಲ

ಪ್ರಶ್ನೆ: ನಮ್ಮದು ಶಿಡ್ಲಘಟ್ಟ. ಮನೆಯಲ್ಲೇ ರೀಲಿಂಗ್ ಇದೆ. ಮಗಳು ಒಂಬತ್ತನೇ ತರಗತಿ. ಆರು ತಿಂಗಳಲ್ಲಿ ಮೂರು ಸಲ ಎಚ್ಚರ ತಪ್ಪಿ ಬಿದ್ದಳು. ದೊಡ್ಡಾಸ್ಪತ್ರೆಯಲ್ಲಿ ತೋರಿಸಿದಾಗ ಫಿಟ್ಸ್ ಎಂದರು. ಡಾಕ್ಟರು ಮಾತ್ರೆ ಬರೆಯುತ್ತಾ, ‘ತುಂಬ ಓದಿಸೋಕೆ ಹೋಗ್ಬೇಡಿ, ಮುಂದೆ ಗಂಡಿನ ಕಡೆಯವರಿಗೂ ಹೇಳ್ಬೇಡಿ’ ಅಂದರು. ಮಗಳು ಎದುರಿಗೇ ಕೂತಿದ್ದಳು. ಅವಳಿಗೆ ಡಾಕ್ಟರಾಗುವ ಆಸೆ. ಅವತ್ತಿನಿಂದ ಪುಸ್ತಕ ಮುಟ್ಟಿಲ್ಲ. ಡಾಕ್ಟರ ಓದಿನಲ್ಲಿ ಹೀಗೆ ಹೇಳುವುದನ್ನೂ ಕಲಿಸುತ್ತಾರಾ?
— ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಕಣ್ಣು ನಿಂತದ್ದು ‘ಮನೆಯಲ್ಲೇ ರೀಲಿಂಗ್ ಇದೆ’ ಎಂಬ ಮಾತಿನ ಮೇಲೆ. ಮಾರುಕಟ್ಟೆಯಿಂದ ತಂದ ರೇಷ್ಮೆಗೂಡು ಬೇಸಿನ್ನಿನ ಕುದಿಯುವ ನೀರಿಗೆ ಬೀಳುತ್ತದೆ, ಕೆಳಗೆ ಬೆಂಕಿ ಇರುತ್ತದೆ, ಹಬೆಯ ನಡುವೆ ಕೂತು ಎಳೆ ಹಿಡಿಯಬೇಕು. ಶಾಲೆಯಿಂದ ಬಂದ ಮೇಲೆ ನಿಮ್ಮ ಮಗಳೂ ಅಲ್ಲಿ ಕೈಜೋಡಿಸುತ್ತಾಳೋ ಏನೋ. ಯಾವ ಗಳಿಗೆಯಲ್ಲಾದರೂ ಎಚ್ಚರ ತಪ್ಪಬಹುದಾದ ಹುಡುಗಿ ಆ ಬೇಸಿನ್ ಪಕ್ಕ ಕೂರಬಾರದು, ಬಿಸಿನೀರಿನ ಪಾತ್ರೆ ಎತ್ತಬಾರದು. ಅವತ್ತು ನಿಮಗೆ ಎಲ್ಲಕ್ಕಿಂತ ಮೊದಲು ಬೇಕಿದ್ದ ಮಾತು ಇದು. ‘ಮನೆಯಲ್ಲಿ ಏನು ಕೆಲಸ ಮಾಡ್ತೀರಿ?’ ಎಂದು ಕೇಳಲು ಅರ್ಧ ನಿಮಿಷ ಸಾಕಿತ್ತು. ಮದುವೆಯ ಮಾತಿಗೆ ಹಿಡಿದ ಹೊತ್ತೂ ಅಷ್ಟೇ.

ಕೇಳಬೇಕಿದ್ದ ಇನ್ನೊಂದು ಪ್ರಶ್ನೆಯೂ ಇತ್ತು. ಅವಳು ಬಿದ್ದ ಮೂರು ಸಲದಲ್ಲಿ ಯಾವಾಗಲಾದರೂ ತಲೆಗೆ ಬಿಸಿನೀರು ಸುರಿದುಕೊಳ್ಳುತ್ತಿದ್ದಳೇ? ತಂಬಿಗೆಯಲ್ಲಿ ಬಿಸಿನೀರು ಮೊಗೆದು ತಲೆಯ ಮೇಲೆ ಒಂದೇ ಸಮನೆ ಸುರಿಯುವಾಗ ಬರುವ ಫಿಟ್ಸ್ ಒಂದಿದೆ. ಜಗತ್ತಿನ ಬೇರೆ ಕಡೆ ಅಪರೂಪ, ನಮ್ಮ ದಕ್ಷಿಣ ಕರ್ನಾಟಕದಲ್ಲಿ ಅಲ್ಲ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ 1960ರ ದಶಕದಲ್ಲೇ ಅದರ ಬಗ್ಗೆ ಬರೆದರು, ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ನೂರಾರು ರೋಗಿಗಳನ್ನು ನೋಡಿ ಅದರ ಸ್ವರೂಪವನ್ನು ಬಿಡಿಸಿಟ್ಟರು. ಅಂಥವರಿಗೆ ನೀರಿನ ಬಿಸಿ ಇಳಿಸುವುದೇ ಅರ್ಧ ಚಿಕಿತ್ಸೆ. ನಿಮ್ಮ ಮಗಳದ್ದು ಅದೇ ಎಂದು ನಾನು ಹೇಳುತ್ತಿಲ್ಲ. ನಮ್ಮ ಬಚ್ಚಲುಮನೆಗಳಿಂದಲೇ ಕಲಿತ ವಿದ್ಯೆ ನಮ್ಮ ಮಕ್ಕಳನ್ನು ನೋಡುವಾಗ ನೆನಪಿಗೆ ಬರಬೇಕಲ್ಲ ಎಂದಷ್ಟೇ.

ಫಿಟ್ಸ್ ಎಂಬ ಹೆಸರಿನಲ್ಲಿ ನಿಜಕ್ಕೂ ಎಷ್ಟು ಅರ್ಥ ಇದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅದು ಮೆದುಳಿನ ವಿದ್ಯುತ್ ಸಂಚಾರ ಆಗಾಗ ಕೆಲವು ಕ್ಷಣ ಹದ ತಪ್ಪುವ ಕಾಯಿಲೆ. ಅಂಟುವುದಿಲ್ಲ, ಗಾಳಿ ಸೋಕಿದ್ದಲ್ಲ. ಸರಿಯಾದ ಮಾತ್ರೆಯನ್ನು ತಪ್ಪದೆ ತೆಗೆದುಕೊಂಡರೆ ನೂರರಲ್ಲಿ ಎಪ್ಪತ್ತು ಮಂದಿಯವರೆಗೂ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ವರ್ಷ ಒಮ್ಮೆಯೂ ಬಾರದಿದ್ದರೆ ಮಾತ್ರೆ ನಿಧಾನವಾಗಿ ಇಳಿಸುವ ಬಗ್ಗೆ ಡಾಕ್ಟರ ಜೊತೆ ಮಾತಾಡಬಹುದು, ನೀವಾಗಿ ನಿಲ್ಲಿಸಬಾರದು. ನಿಮ್ಹಾನ್ಸ್ 1990ರ ದಶಕದಲ್ಲಿ ಬೆಂಗಳೂರು ನಗರ, ಗ್ರಾಮಾಂತರ ಸೇರಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ನೋಡಿದಾಗ, ಹಳ್ಳಿಗಳಲ್ಲಿ ಸಾವಿರಕ್ಕೆ ಸುಮಾರು ಹನ್ನೆರಡು ಮಂದಿಗೆ ಈ ಕಾಯಿಲೆ ಇತ್ತು. ನಿಮ್ಮ ಮಗಳ ಶಾಲೆಯಲ್ಲಿ, ನಿಮ್ಮ ಬೀದಿಯಲ್ಲಿ, ಗೂಡಿನ ಮಾರುಕಟ್ಟೆಯ ಹರಾಜಿನ ಗುಂಪಿನಲ್ಲಿ ಅವಳಂಥವರು ಇದ್ದಾರೆ. ಹೇಳಿಕೊಂಡಿಲ್ಲ ಅಷ್ಟೇ.

ಓದಿಗೂ ಈ ಕಾಯಿಲೆಗೂ ಜಗಳವಿಲ್ಲ. ನಿದ್ದೆಗೆಟ್ಟರೆ ಫಿಟ್ಸ್ ಬರಬಹುದು, ಆದ್ದರಿಂದ ಪರೀಕ್ಷೆ ಹತ್ತಿರ ಬಂದಾಗ ರಾತ್ರಿಯಿಡೀ ಕೂತು ಓದುವುದು ಬೇಡ. ‘ನಿದ್ದೆ ಕೆಡಿಸಿಕೊಂಡು ಓದಬೇಡ’ ಎಂಬ ಮಾತಿಗೂ ‘ಓದಿಸೋಕೆ ಹೋಗ್ಬೇಡಿ’ ಎಂಬ ಮಾತಿಗೂ ನಡುವೆ ಒಂದು ಇಡೀ ಜೀವನ ಇದೆ.

ಈಗ ನಿಮ್ಮ ಪ್ರಶ್ನೆ. ಹಾಗೆ ಹೇಳಿ ಎಂದು ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ. ಆದರೆ ವೈದ್ಯಕೀಯ ಕಾಲೇಜಿನಲ್ಲಿ ಪುಸ್ತಕದಿಂದ ಕಲಿಯುವಷ್ಟನ್ನೇ ವಾರ್ಡಿನಲ್ಲಿ ಹಿರಿಯರ ಹಿಂದೆ ನಿಂತು ಕಲಿಯುತ್ತಾರೆ. ಅಂತಿಮ ಪರೀಕ್ಷೆಯಲ್ಲಿ ‘ಲಾಂಗ್ ಕೇಸ್’, ‘ಶಾರ್ಟ್ ಕೇಸ್’ ಎಂದು ಇರುತ್ತದೆ. ಅದಕ್ಕೆ ರೋಗಿಗಳು ಬೇಕು. ಪೋಲಿಯೊ ಬಂದು ಕಾಲು ಸಣ್ಣಗಾದವರು, ಪಾರ್ಶ್ವವಾಯು ಹೊಡೆದವರು, ಹೃದಯದ ಕವಾಟ ಕೆಟ್ಟವರು — ವರ್ಷಗಟ್ಟಲೆ ಬದಲಾಗದ ಲಕ್ಷಣ ಇರುವವರು ಪರೀಕ್ಷೆಗೆ ಅನುಕೂಲ. ಅಂಥವರಿಗೆ ಹೇಳಿ ಕಳಿಸುತ್ತಾರೆ, ಬಸ್ ಚಾರ್ಜು ಕೊಟ್ಟು ಮಂಚದ ಮೇಲೆ ಮಲಗಿಸುತ್ತಾರೆ. ಒಬ್ಬರಾದ ಮೇಲೊಬ್ಬರು ವಿದ್ಯಾರ್ಥಿಗಳು ಬಂದು ಕಾಲೆತ್ತಿ, ಮೊಣಕಾಲಿಗೆ ಸುತ್ತಿಗೆ ತಟ್ಟಿ ಕಾಯಿಲೆಯ ಹೆಸರು ಹೇಳುತ್ತಾರೆ. ಹೆಸರು ಸರಿಯಾದರೆ ಪಾಸು. ಆ ಮನುಷ್ಯ ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಯವರೆಗೆ ಹೇಗೆ ಬಂದ, ಆ ಕಾಲಿಟ್ಟುಕೊಂಡೇ ಸಂಸಾರ ಹೇಗೆ ತೂಗಿಸಿದ ಎಂದು ಕೇಳಿದರೆ ಅಂಕ ಸಿಗುವುದಿಲ್ಲ. ಐದೂವರೆ ವರ್ಷ ಹೀಗೆ ಕಲಿತವರಿಗೆ ಕಾಯಿಲೆಯ ಹೆಸರು ಹೇಳಿದಲ್ಲಿಗೆ ಕೆಲಸ ಮುಗಿಯಿತು ಎನ್ನಿಸುವುದು ಸಹಜ. ತಾಯಿಯೊಬ್ಬಳಿಗೆ ಶುರುವಾಗುವುದೇ ಅಲ್ಲಿಂದ.

ಇದರ ಬೇರು ಒಂದು ನಂಬಿಕೆಯಲ್ಲಿದೆ. ಊನವಿಲ್ಲದ ದೇಹವೇ ಪೂರ್ತಿ ಬದುಕು, ಮಿಕ್ಕಿದ್ದೆಲ್ಲ ಅದರ ಹರಕು ಪ್ರತಿ ಎಂಬ ನಂಬಿಕೆ. ಅದನ್ನು ಈಗ ಏಬಲಿಸಂ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಅದಕ್ಕೆ ಪದ ನಿಂತಿಲ್ಲ, ಆದರೆ ಅದು ನಮ್ಮ ಬಾಯಲ್ಲಿ ದಿನಾ ಇದೆ. ಕುಂಟುವವರನ್ನು ಕಂಡರೆ ‘ಅಯ್ಯೋ ಪಾಪ’ ಎನ್ನುತ್ತೇವೆ. ಹಿಂದಿನ ಜನ್ಮದಲ್ಲಿ ಮಾಡಿದ್ದಕ್ಕೂ ಪಾಪ, ಈಗಿನ ಕನಿಕರಕ್ಕೂ ಪಾಪ. ಒಂದೇ ಮಾತಿನಲ್ಲಿ ಎರಡೂ ಸೇರಿಕೊಂಡಿವೆ. ನಿಮ್ಮ ಡಾಕ್ಟರು ಕೆಟ್ಟವರೆಂದು ನನಗನ್ನಿಸುವುದಿಲ್ಲ. ಒಳ್ಳೆಯದಾಗಲಿ ಎಂದೇ ಹೇಳಿರುತ್ತಾರೆ. ಕನಿಕರದಿಂದ ಹೇಳಿದ್ದರಿಂದಲೇ ಅದು ನಿಮ್ಮ ಮಗಳಿಗೆ ಅಷ್ಟು ಆಳಕ್ಕೆ ಇಳಿದಿದೆ.

ಅಮೆರಿಕದಲ್ಲಿ ಲಿಸಾ ಯೆಜೋನಿ ಎಂಬ ವೈದ್ಯೆ, ಸ್ವತಃ ಗಾಲಿಕುರ್ಚಿ ಬಳಸುವವರು, ತಮ್ಮ ಸಂಗಡಿಗರೊಂದಿಗೆ 714 ವೈದ್ಯರನ್ನು ಕೇಳಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ತೀವ್ರ ಅಂಗವೈಕಲ್ಯ ಇರುವವರ ಬದುಕು ಉಳಿದವರದಕ್ಕಿಂತ ಕಳಪೆ ಎಂದು ಅವರಲ್ಲಿ ಶೇ 82ರಷ್ಟು ಮಂದಿ ಉತ್ತರಿಸಿದ್ದರು. ಅದಕ್ಕೂ ಮುಂಚೆ, 1999ರಲ್ಲಿ, ಅಂಗವೈಕಲ್ಯ ಇರುವವರನ್ನೇ ‘ನಿಮ್ಮ ಬದುಕು ಹೇಗಿದೆ?’ ಎಂದು ಕೇಳಿದ ಸಂಶೋಧಕರಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ‘ಚೆನ್ನಾಗಿದೆ’, ‘ತುಂಬ ಚೆನ್ನಾಗಿದೆ’ ಎಂದರು. ಹೊರಗೆ ನಿಂತು ಅಳೆಯುವವರಿಗೆ ಕಂಡದ್ದು ಬೇರೆ, ಒಳಗಿದ್ದು ಬದುಕುವವರು ಹೇಳಿದ್ದು ಬೇರೆ. ಮಂಚದ ಮೇಲಿನ ‘ಕೇಸ್’ ಬಾಯಿ ಬಿಟ್ಟು ತನ್ನ ಕಥೆ ಹೇಳಿದ್ದರೆ ಈ ಅಂತರ ಇಷ್ಟು ಉಳಿಯುತ್ತಿರಲಿಲ್ಲ.

ನಮ್ಮ ದೇಶದಲ್ಲಿ ಏನೂ ಆಗಿಲ್ಲವೆಂದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ವೈದ್ಯರು, ದಾದಿಯರ ಓದಿನಲ್ಲಿ ಅಂಗವೈಕಲ್ಯದ ವಿಷಯ ಇರಲೇಬೇಕು ಎನ್ನುತ್ತದೆ. ದೆಹಲಿಯ ಡಾ. ಸತೇಂದ್ರ ಸಿಂಗ್, ತಾವೇ ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡವರು, ವರ್ಷಗಟ್ಟಲೆ ಬೆನ್ನುಹತ್ತಿದ ಮೇಲೆ 2019ರ ಹೊಸ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಇದಕ್ಕೆ ಜಾಗ ಸಿಕ್ಕಿತು. ಎಷ್ಟು ಜಾಗ? ಏಳು ಗಂಟೆ. ಇಡೀ ಓದಿಗೆ ಏಳು ಗಂಟೆ. 2024ರ ಆಗಸ್ಟ್ ಕೊನೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಪರಿಷ್ಕೃತ ಪಠ್ಯಕ್ರಮದಲ್ಲಿ ಆ ಏಳು ಗಂಟೆಯನ್ನೂ ಕೈಬಿಟ್ಟಿತ್ತು. ಹಲವು ಕಾರಣಕ್ಕೆ ಪ್ರತಿಭಟನೆ ಎದ್ದು, ಕೆಲವೇ ದಿನಗಳಲ್ಲಿ ಆಯೋಗ ಆ ದಾಖಲೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅಷ್ಟು ಸುಲಭವಾಗಿ ಕೈಬಿಟ್ಟುಹೋಗುವ ವಿಷಯ ಅದು.

ಆ ತರಗತಿಯಲ್ಲಿ ಯಾರು ಕೂರಬಹುದು ಎಂಬುದು ನನಗೆ ಏಳು ಗಂಟೆಗಿಂತಲೂ ದೊಡ್ಡ ವಿಷಯವೆನಿಸುತ್ತದೆ. ಎಂ.ಬಿ.ಬಿ.ಎಸ್. ಸೇರಲು ಎರಡೂ ಕೈ ಊನವಿಲ್ಲದಂತಿರಬೇಕು, ಅವುಗಳಲ್ಲಿ ಸ್ಪರ್ಶವೂ ಬಲವೂ ಇರಬೇಕು ಎಂಬ ಷರತ್ತು ತೀರಾ ಇತ್ತೀಚಿನವರೆಗೂ ನಡೆದುಕೊಂಡು ಬಂತು. ಮಾತು ಸ್ವಲ್ಪ ತೊದಲಿದರೂ, ಆ ತೊಂದರೆ ಶೇ 40 ದಾಟಿತೆಂದರೆ ಬಾಗಿಲು ಮುಚ್ಚುತ್ತಿತ್ತು. ಮಾತಿನ ತೊಂದರೆಯನ್ನು ಶೇ 44–45 ಎಂದು ಲೆಕ್ಕ ಹಾಕಿಸಿಕೊಂಡ ಓಂಕಾರ್ ಗೊಂಡ್ ಎಂಬ ಮಹಾರಾಷ್ಟ್ರದ ಹುಡುಗ ಸುಪ್ರೀಂ ಕೋರ್ಟಿಗೆ ಹೋದ. 2024ರ ಅಕ್ಟೋಬರ್‌ನಲ್ಲಿ ಬಂದ ತೀರ್ಪು, ಶೇಕಡಾವಾರು ಅಂಕಿ ಒಂದನ್ನೇ ಹಿಡಿದು ಯಾರನ್ನೂ ಹೊರಗಿಡುವಂತಿಲ್ಲ, ಈ ವಿದ್ಯಾರ್ಥಿ ಓದನ್ನು ಪೂರೈಸಬಲ್ಲನೇ ಎಂಬುದನ್ನು ಮಂಡಳಿ ನೋಡಬೇಕು ಎಂದಿತು. ಅಂಗವೈಕಲ್ಯದ ಜೊತೆಗೇ ಸಾಧನೆ ಮಾಡಿದವರನ್ನು ಹೆಸರಿಸುವಾಗ ಆ ತೀರ್ಪು ನಮ್ಮ ಬೆಂಗಳೂರಿನ ಗಾಲಿಕುರ್ಚಿ ಟೆನಿಸ್ ಆಟಗಾರ ಬೋನಿಫೇಸ್ ಪ್ರಭು ಅವರನ್ನೂ ನೆನೆಯಿತು. 2025ರ ಫೆಬ್ರವರಿ 21ರಂದು ಅನ್ಮೋಲ್ ಎಂಬ ವಿದ್ಯಾರ್ಥಿಯ ಮೊಕದ್ದಮೆಯಲ್ಲಿ ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್, ಎರಡೂ ಕೈಗಳ ಷರತ್ತಿನಲ್ಲೇ ಏಬಲಿಸಂ ತುಂಬಿದೆ, ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ ಎಂದು ತಳ್ಳಿಹಾಕಿದರು.

ಕೈಕಾಲು ಗಟ್ಟಿ ಇಲ್ಲದವರು ಹೇಗೆ ಚಿಕಿತ್ಸೆ ಮಾಡುತ್ತಾರೆ ಎಂದು ಕೇಳುವವರಿಗೆ ಉತ್ತರ ವೇಲೂರಿನಲ್ಲಿದೆ. ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ದೊಡ್ಡ ಕಾಯಿಲೆಗೆ ವೇಲೂರಿನ ಸಿ.ಎಂ.ಸಿ. ಆಸ್ಪತ್ರೆಗೆ ಹೋಗಿ ಬಂದವರು ಬೇಕಾದಷ್ಟಿದ್ದಾರೆ. ಅಲ್ಲಿ ಡಾ. ಮೇರಿ ವರ್ಗೀಸ್ ಎಂಬುವರಿದ್ದರು. 1954ರಲ್ಲಿ ವಾಹನ ಅಪಘಾತವಾಗಿ ಬೆನ್ನುಹುರಿಗೆ ಪೆಟ್ಟುಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡುವುದನ್ನು ಕಲಿತರು, ಬೆರಳು ಮಡಚಿಹೋದವರ ಬೆರಳು ಬಿಡಿಸಿದರು. ಆಮೇಲೆ ಅಮೆರಿಕಕ್ಕೆ ಹೋಗಿ ಪುನರ್ವಸತಿ ವೈದ್ಯಶಾಸ್ತ್ರ ಓದಿ ಬಂದು ವೇಲೂರಿನಲ್ಲಿ ಆ ವಿಭಾಗವನ್ನು ಕಟ್ಟಿದರು. ಬೆನ್ನು ಮುರಿದು ಬಂದವರಿಗೆ ‘ಇನ್ನೇನೂ ಮಾಡೋಕಾಗಲ್ಲ’ ಎಂದು ಹೇಳಬೇಕಾದ ಕುರ್ಚಿಯಲ್ಲಿ ಬೆನ್ನು ಮುರಿದವರೇ ಕೂತಿದ್ದರೆ ಆ ಮಾತು ಬಾಯಿಂದ ಹೊರಡುತ್ತದೆಯೇ ಯೋಚಿಸಿ.

‘ಇನ್ನೇನೂ ಮಾಡೋಕಾಗಲ್ಲ’ ಎಂಬುದನ್ನು ನಾನು ನಮ್ಮ ಮನೆಯಲ್ಲೇ ಕೇಳಿದ್ದೇನೆ. ನನ್ನ ಸೋದರಮಾವ ಗೌರಿಬಿದನೂರು ತಾಲ್ಲೂಕಿನ ಹಳ್ಳಿಯವರು. ನಲವತ್ತೈದಕ್ಕೇ ಬೆನ್ನು ಬಗ್ಗುತ್ತಿರಲಿಲ್ಲ. ಯಾರಾದರೂ ಕೂಗಿದರೆ ಕತ್ತು ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ವಾತ ಎಂದು ಆರು ವರ್ಷ ಸೂಜಿ, ಎಣ್ಣೆ, ಮಾತ್ರೆ. ಕೊನೆಗೆ ಹಿರಿಯ ವೈದ್ಯರೊಬ್ಬರು ಎಕ್ಸ್‌ರೇ ನೋಡಿ ಆ ಮಾತು ಹೇಳಿದರು. ಮಾವ ಅವತ್ತು ಊರಿಗೆ ಬಂದು ಹೊಲದ ಕಡೆ ಹೋಗುವುದನ್ನು ಬಿಟ್ಟರು, ಮಂಚ ಹಿಡಿದರು. ಕಾಯಿಲೆ ಅಷ್ಟು ದಿನ ಮಾಡದಿದ್ದುದನ್ನು ಒಂದು ವಾಕ್ಯ ಮಾಡಿತು.

ಎಷ್ಟೋ ತಿಂಗಳ ಮೇಲೆ ಬೇರೆ ಯಾವುದೋ ಕಾರಣಕ್ಕೆ ಹೋದಾಗ ಹೌಸ್‌ಸರ್ಜನ್ ಹುಡುಗಿಯೊಬ್ಬಳು ಕೇಳಿದಳು: ‘ತಾತ, ನಿಮ್ಮೂರಲ್ಲಿ ಇನ್ನೂ ಯಾರಿಗಾದ್ರೂ ಹೀಗಿದೆಯಾ? ಯಾವ ನೀರು ಕುಡೀತೀರಿ?’ ಕುಡಿಯುತ್ತಿದ್ದದ್ದು ಬೋರ್‌ವೆಲ್ ನೀರು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕೊಳವೆ ಆಳಕ್ಕಿಳಿದಂತೆ ಬಂಡೆಯೊಳಗಿನ ಫ್ಲೋರೈಡ್ ನೀರಿಗೆ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ, ಎಂಬುದು ನಮ್ಮ ದೇಶದ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ದೊಡ್ಡವರ ಬೆನ್ನು, ಕತ್ತು ಬಿಗಿತ, ಕೆಲವರಿಗೆ ಮೊಣಕಾಲು ಸೊಟ್ಟಗಾಗುವುದು. ಗಡಿಯಾಚೆ ಆಗಿನ ನೆಲ್ಲೂರು ಜಿಲ್ಲೆಯಲ್ಲಿ 1937ರಲ್ಲೇ ವೈದ್ಯರು ಇದನ್ನು ಗುರುತಿಸಿ ಬರೆದಿದ್ದರು. ಆ ಹುಡುಗಿ ಮಾವನಿಗೆ ಹೇಳಿದ್ದು ಇಷ್ಟೇ: ಬಿಗಿದ ಮೂಳೆ ಹಿಂದಿನಂತೆ ಆಗುವುದಿಲ್ಲ, ಆದರೆ ನೀರು ಬದಲಿಸಿದರೆ ಮುಂದಕ್ಕೆ ಹೋಗುವುದು ನಿಲ್ಲುತ್ತದೆ, ನೋವಿಗೆ ವ್ಯಾಯಾಮ ಇದೆ, ಮನೆಯ ಮಕ್ಕಳಿಗೆ ಇವತ್ತಿನಿಂದಲೇ ಆ ನೀರು ಕೊಡಬೇಡಿ. ಮಾವ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಿಸಿದರು. ಹಾಲು ಕರೆಯಲು ಎತ್ತರದ ಸ್ಟೂಲು ಮಾಡಿಸಿಕೊಂಡರು, ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟರು. ಮತ್ತೆ ಹನ್ನೊಂದು ವರ್ಷ ಹಸು ಸಾಕಿದರು. ಇಬ್ಬರು ಡಾಕ್ಟರೂ ನೋಡಿದ್ದು ಅದೇ ಎಕ್ಸ್‌ರೇಯ ಬೆನ್ನನ್ನು.

ಭಾಷೆಯ ಮಾತನ್ನೂ ಇಲ್ಲಿ ಹೇಳಬೇಕು. ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟದ ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಮಾತು ತೆಲುಗು, ಕಚೇರಿಯ ಮಾತು ಕನ್ನಡ. ಡಾಕ್ಟರ ಚೀಟಿ ಇಂಗ್ಲಿಷು. ಕಾಯಿಲೆಯ ಹೆಸರು ಮೂರು ಹೊಸ್ತಿಲು ದಾಟಿ ಮನೆಗೆ ಬರುವಷ್ಟರಲ್ಲಿ ‘ಏಮನ್ನಾರು ಡಾಕ್ಟರು?’ ಎಂದು ಕೇಳುವ ಅಜ್ಜಿಗೆ ಸಿಗುವುದು ಬರೀ ಹೆದರಿಕೆ. ಈಗ ಜಿಲ್ಲೆಯಲ್ಲೇ ವೈದ್ಯರು ತಯಾರಾಗುತ್ತಿದ್ದಾರೆ: ಚಿಕ್ಕಬಳ್ಳಾಪುರದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, 2023ರಲ್ಲಿ ಉದ್ಘಾಟನೆಯಾದ ಮುದ್ದೇನಹಳ್ಳಿಯ ಉಚಿತ ವೈದ್ಯಕೀಯ ಕಾಲೇಜಿದೆ. ಅಲ್ಲಿ ಕಲಿಯುವ ಮಕ್ಕಳು ಫ್ಲೋರೈಡಿನ ಬೆನ್ನನ್ನು, ರೀಲಿಂಗ್ ಮನೆಯ ಹಬೆಯನ್ನು ನಮ್ಮ ಹಳ್ಳಿಗಳಿಗೇ ಬಂದು ನೋಡಲಿ, ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಜೊತೆ ಒಂದು ದಿನವಾದರೂ ತಿರುಗಲಿ ಎಂಬುದು ನನ್ನ ಆಸೆ. ಆ ಕಾರ್ಯಕರ್ತರಲ್ಲಿ ಬಹುಪಾಲು ತಾವೇ ಅಂಗವೈಕಲ್ಯ ಇರುವವರು. ಅವರಿಗಿಂತ ಒಳ್ಳೆಯ ಮೇಷ್ಟ್ರು ಈ ವಿಷಯಕ್ಕೆ ಸಿಗುವುದಿಲ್ಲ.

ಮದುವೆಯ ಮಾತು. ಒಂಬತ್ತನೇ ತರಗತಿಯ ಹುಡುಗಿಯ ಮುಂದೆ ಆ ವಿಷಯ ಎತ್ತಿದ್ದೇ ತಪ್ಪು. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯ್ದೆಯಲ್ಲಿ ಪದೇಪದೇ ಬರುವ ಮೂರ್ಛೆ ಮದುವೆಗೆ ಅಡ್ಡಿ ಎಂದು ಬರೆದಿತ್ತು. 1999ರಲ್ಲಿ ಸಂಸತ್ತು ಆ ಪದವನ್ನು ತೆಗೆದುಹಾಕಿತು. ಕಾಲು ಶತಮಾನದ ಹಿಂದೆ ಕಾನೂನು ಬಿಟ್ಟ ಭಯವನ್ನು ಆಸ್ಪತ್ರೆ ಇನ್ನೂ ಬಿಟ್ಟಿಲ್ಲ. ಮುಚ್ಚಿಟ್ಟು ಮದುವೆಯಾದ ಹೆಣ್ಣುಮಕ್ಕಳು ಮಾತ್ರೆಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಾರೆ, ಅತ್ತೆ ಅಡುಗೆಮನೆಯಲ್ಲಿದ್ದ ದಿನ ತೆಗೆದುಕೊಳ್ಳುವುದಿಲ್ಲ, ಫಿಟ್ಸ್ ಮರಳುತ್ತದೆ. ನಿಮ್ಮ ಮಗಳ ಮುಂದಿನ ದಿನಗಳ ಬಗ್ಗೆ ಯೋಚಿಸಿ ಡಾಕ್ಟರು ಹೇಳಬೇಕಿದ್ದದ್ದು ಬೇರೆಯೇ ಇತ್ತು: ವಾಲ್‌ಪ್ರೊಯೇಟ್ ಎಂಬ ಮಾತ್ರೆ ಬಸುರಿನಲ್ಲಿ ಮಗುವಿಗೆ ತೊಂದರೆ ಮಾಡಬಲ್ಲದು, ಆದ್ದರಿಂದ ಹೆಣ್ಣುಮಕ್ಕಳಿಗೆ ಆದಷ್ಟೂ ಬೇರೆ ಮಾತ್ರೆ ನೋಡುತ್ತಾರೆ. ನಿಮ್ಮ ಚೀಟಿಯಲ್ಲಿ ಅದು ಇದ್ದರೆ ಗಾಬರಿಯಾಗಿ ನಿಲ್ಲಿಸಬೇಡಿ. ಮುಂದಿನ ಸಲ ಕೇಳಿ.

ಆಸ್ಪತ್ರೆಗೆ ಹೋಗುವ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ಅವಳು ಬಿದ್ದ ದಿನ, ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ಸ್ನಾನದ ವಿಷಯ ಬರೆದಿಡಿ. ಬಿದ್ದುದನ್ನು ಮೊಬೈಲಿನಲ್ಲಿ ಯಾರಾದರೂ ತೆಗೆದಿದ್ದರೆ ತೋರಿಸಿ, ಡಾಕ್ಟರಿಗೆ ಅದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ. ಮನೆಯವರಿಗೂ ಶಾಲೆಯವರಿಗೂ ಹೇಳಿಡಿ: ಫಿಟ್ಸ್ ಬಂದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸುವುದು, ಬಾಯಿಗೆ ಏನನ್ನೂ ತುರುಕದಿರುವುದು, ಕೈಗೆ ಬೀಗದ ಕೈ, ಕಬ್ಬಿಣ ಕೊಡುವುದರಿಂದ ಉಪಯೋಗವಿಲ್ಲ, ಐದು ನಿಮಿಷ ದಾಟಿದರೆ ಆಸ್ಪತ್ರೆ. ಆ ಡಾಕ್ಟರ ಹತ್ತಿರ ಮತ್ತೆ ಹೋಗಲು ಮಗಳಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ.  ಬೆಂಗಳೂರಿನ ನಿಮ್ಹಾನ್ಸ್‌ಗೆ ನೇರವಾಗಿ ಹೋಗಬಹುದು. ಯಾರ ಹತ್ತಿರ ಹೋದರೂ ಏನಾಯಿತು ಎಂಬುದನ್ನು ಅವಳೇ ಹೇಳಲಿ, ತೆಲುಗಿನಲ್ಲಿ ಸಲೀಸಾದರೆ ತೆಲುಗಿನಲ್ಲೇ.

ಅವಳಿಗೆ ಇಷ್ಟು ತಿಳಿಸಿ: ಫಿಟ್ಸ್ ಇರುವವರು ನೀಟ್ ಬರೆಯಬಾರದು ಎಂಬ ನಿಯಮ ಇಲ್ಲ. ಹತ್ತನೇ ತರಗತಿ, ಪಿ.ಯು.ಸಿ., ಆಮೇಲೆ ಆ ಪರೀಕ್ಷೆ. ದಾರಿ ಎಲ್ಲರಿಗೂ ಇರುವಷ್ಟೇ ಉದ್ದ. ಈ ಪತ್ರದ ಉತ್ತರವನ್ನು ಅವಳ ಕೈಗೇ ಕೊಟ್ಟು ಓದಿಸಿ. ಬೇಸಿನ್ ಪಕ್ಕ ಮಾತ್ರ ಇನ್ನು ಮೇಲೆ ನೀವೇ ಕೂತುಕೊಳ್ಳಿ, ಅವಳು ಒಳಕೋಣೆಯಲ್ಲಿ ಓದಿಕೊಳ್ಳಲಿ.